ಗುಮಾಸ್ತರ ಸುಳ್ಳು ಜಗಳ

ಜುಲೈ ೧೪, ಭಾನುವಾರ

ನನ್ನ ಮಾತಿನಮಲ್ಲಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾದದ್ದಕ್ಕೆ ಮನಸಾರೆ ಬೈದುಕೋ. "ಅಮ್ಮ ಫೋನ್ ಎತ್ತೋದೇ ಇಲ್ಲ, ನಾನು ಪತ್ರಿಕೆ ಬಿಟ್ಟು ಜಾಹೀರಾತು ಕಂಪನಿ ಸೇರಿದ್ದಕ್ಕೆ ಸಿಟ್ಟು" ಎಂದು ನಿಮ್ಮಪ್ಪನ ಹತ್ತಿರ ದೂರು ಹೇಳಿದೆಯಂತೆ. ಸಿಟ್ಟು ಇತ್ತು, ಸುಳ್ಳೇಕೆ ಹೇಳಲಿ. ಅದು ಎಂದೋ ಆರಿಹೋಗಿದೆ.

ನಾನೇನು ಒಂದೇ ಕೆಲಸಕ್ಕೆ ಅಂಟಿಕೊಂಡವಳೇ? ಕರಡು ತಿದ್ದಲು ಪತ್ರಿಕೆಗೆ ಸೇರಿದೆ. ಬೇರೆಯವರ ತಪ್ಪು ತಿದ್ದಿ ತಿದ್ದಿ ಬೇಸತ್ತು ವರದಿಗಾರ್ತಿಯಾದೆ, ಕೋರ್ಟು ಸುತ್ತಿದೆ, ಆಮೇಲೆ ಸುದ್ದಿಮನೆಯ ಮೇಜಿಗೆ ಬಂದೆ. ಪತ್ರಿಕೋದ್ಯಮದ ಪಾಠ ಮಾಡುವವರು ಯಾರೋ ರಜೆ ಹಾಕಿದರೆಂದು ಒಂದು ವಾರಕ್ಕೆ ಕಾಲೇಜಿಗೆ ಹೋದವಳು ಅಲ್ಲೇ ಬೇರುಬಿಟ್ಟೆ. ಪತ್ರಿಕೆಯಲ್ಲಿ ಬರೆದದ್ದು ಮರುದಿನ ರದ್ದಿಯಾಗುತ್ತಿತ್ತು. ತರಗತಿಯಲ್ಲಿ ಹಾಗಲ್ಲ. "ಇದನ್ನ ಯಾರು ಹೇಳಿದ್ದು ಮೇಡಂ? ನೀವು ಕಣ್ಣಾರೆ ನೋಡಿದ್ರಾ?" ಎಂದು ವಿದ್ಯಾರ್ಥಿಯೊಬ್ಬ ನನಗೇ ತಿರುಗಿಬಿದ್ದ ದಿನ ಹೊಟ್ಟೆ ತುಂಬಿದ ಹಾಗಾಗಿತ್ತು.

ಮೊದಲ ತರಗತಿಯಲ್ಲಿ ನಾನು ಪ್ರತಿವರ್ಷ ಆಡಿಸುವ ನಾಟಕ ನಿನಗೆ ಗೊತ್ತಲ್ಲ. ವಿಭಾಗದ ಗುಮಾಸ್ತರು ಪಾಠದ ನಡುವೆ ನುಗ್ಗಿ ನನ್ನ ಜೊತೆ ಜಗಳ ತೆಗೆಯಬೇಕು, ಬಾಗಿಲು ಧಡಾರನೆ ಹಾಕಿಕೊಂಡು ಹೋಗಬೇಕು. ಅದು ನಾಟಕವೆಂದು ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ. ಆಮೇಲೆ, "ಕಂಡದ್ದನ್ನಷ್ಟೇ ಬರೆಯಿರಿ" ಎನ್ನುತ್ತೇನೆ. ಒಬ್ಬರ ಬರಹದಲ್ಲಿ ಗುಮಾಸ್ತ ನೀಲಿ ಅಂಗಿ ತೊಟ್ಟಿದ್ದರೆ ಇನ್ನೊಬ್ಬರದರಲ್ಲಿ ಬಿಳಿ ಅಂಗಿ! ವರ್ಷವಿಡೀ ತಲೆತಗ್ಗಿಸಿ ನಡೆಯುವ ಮನುಷ್ಯ ಆ ಒಂದು ದಿನ ಹುಲಿ. "ಈ ಸಲ ಸ್ವಲ್ಪ ಜೋರಾಗೇ ಬೈಲಾ ಮೇಡಂ?" ಎಂದು ಒಪ್ಪಿಗೆ ಬೇರೆ ಪಡೆದಿದ್ದರು.

ಬೈದರು. ನಾನೂ ಬಿಡಲಿಲ್ಲ. ಬಳಿಕ ವಿದ್ಯಾರ್ಥಿಗಳು ಬರೆದದ್ದನ್ನು ಒಬ್ಬೊಬ್ಬರಾಗಿ ಓದಿದರು. ಕೊನೆಯ ಬೆಂಚಿನ ಹುಡುಗಿ ಓದಿ ಮುಗಿಸಿದಾಗ ಎಂದಿನಂತೆ "ಭೇಷ್, ಮುಂದಿನವರು" ಎಂದೆ. ಯಾರೂ ಏಳಲಿಲ್ಲ. ಎಲ್ಲರ ಮುಖ ಪೆಚ್ಚಾಗಿತ್ತು. ಅವಳು ಎದ್ದು ಬಂದು, ನನ್ನ ಎದುರಿಗೇ ನಿಂತು, ನಿಧಾನವಾಗಿ ಮತ್ತೆ ಓದಿದಳು: "ಕೂಗಾಡುತ್ತಿದ್ದ ಗುಮಾಸ್ತರ ತುಟಿಯನ್ನೇ ಮೇಡಂ ನೋಡುತ್ತಿದ್ದರು. ಅವರು ಬೆನ್ನು ತಿರುಗಿಸಿ ಆಡಿದ ಮಾತಿಗೆ ಮೇಡಂ ಉತ್ತರ ಕೊಡಲಿಲ್ಲ. ಮೇಡಂಗೆ ಕಿವಿ ಕೇಳಿಸುವುದಿಲ್ಲ."

ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು? "ಕೊನೇ ವಾಕ್ಯ ನೀನು ಕಂಡದ್ದಲ್ಲ, ಊಹೆ" ಎಂದೆ.

"ಅದಕ್ಕೇ ಮುಂದೆ ಬಂದೆ ಮೇಡಂ. ನಿಮಗೆ ಕಿವಿ ಕೇಳಿಸುತ್ತಾ?"

"ಇಲ್ಲಮ್ಮ" ಎಂದೆ. ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅಷ್ಟು ಸಲೀಸಾಗಿ ಬಂದುಬಿಟ್ಟಿತು. ಪಾಠ ಬಿಡಿಸಿಬಿಡುತ್ತಾರೆಂಬ ಹೆದರಿಕೆಯಿಂದಲೇ ಬಚ್ಚಿಟ್ಟಿದ್ದೆ. ಮನೆಯಲ್ಲೂ ಹೇಳಿರಲಿಲ್ಲ, ಕರೆದಾಗ ನಾನು ಓಗೊಡದಿದ್ದರೆ "ನನ್ನ ಮಾತು ನಿನಗೆ ಯಾವತ್ತು ಕೇಳಿಸಿತ್ತು ಹೇಳು" ಎಂದು ನಿಮ್ಮಪ್ಪ ನಕ್ಕುಬಿಡುತ್ತಿದ್ದರು. ಅಂದೇ ಪ್ರಾಂಶುಪಾಲರ ಮುಂದೆಯೂ ಹೇಳಿದೆ. "ಈ ವರ್ಷ ಮುಗೀಲಿ, ನೋಡೋಣ" ಎಂದರು. ಡಾಕ್ಟರು ಕೊಟ್ಟ ಯಂತ್ರ ಕಿವಿಯಲ್ಲಿ ಕಪ್ಪೆಯಂತೆ ವಟಗುಟ್ಟುತ್ತದೆ, ಅಷ್ಟೇ. ಆದರೆ ಮರುದಿನ ತರಗತಿಗೆ ಹೋದರೆ, ಹುಡುಗರು ಬೆಂಚುಗಳನ್ನೆಲ್ಲ ಎಳೆದು ನನ್ನ ಮೇಜಿನ ಸುತ್ತ ಹಾಕಿದ್ದರು, ಪ್ರತಿಯೊಬ್ಬರ ಮುಖ ಕಾಣುವ ಹಾಗೆ.

ಹೊಸ ಕೆಲಸ ನಿನ್ನ ಕೈಹಿಡಿಯಲಿ. ಜಾಹೀರಾತಿನಲ್ಲೂ ಸುಳ್ಳು ಊಟಕ್ಕೆ ಉಪ್ಪಿನಷ್ಟೇ ಇರಲಿ. ಹೊತ್ತುಹೊತ್ತಿಗೆ ಉಣ್ಣು. ಚೆನ್ನಾಗಿ ಬಾಳು, ಕಂದ.

ನಿನ್ನ
ಅಮ್ಮ

ತಾ.ಕ.: ಇದು ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು. ನಾನು ಕೊನೆಯ ಸಲ ಫೋನ್ ಎತ್ತಿದಾಗ ನೀನು ಬಹಳ ಹೊತ್ತು ಏನೋ ಹೇಳಿದೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ದನಿಯ ಏರಿಳಿತವಷ್ಟೇ ಸಿಕ್ಕಿತು. ಹೊಸ ಕೆಲಸದ ಸಂಭ್ರಮವೆಂದುಕೊಂಡು, "ಒಳ್ಳೇದೇ ಆಯ್ತು ಬಿಡು" ಎಂದು ನಕ್ಕುಬಿಟ್ಟೆ. ಆಮೇಲೆ ನಿನ್ನ ಕಡೆಯಿಂದ ಸದ್ದೇ ಇಲ್ಲ. ಅಂದಿನಿಂದ ಫೋನ್ ಮುಟ್ಟಲು ನನಗೆ ಭಯ. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ, ಅದರಲ್ಲೂ ಆ ಮಾತಿಲ್ಲ. ಊಹಿಸಬೇಡಿ, ಹೋಗಿ ವಿಚಾರಿಸಿ ಎಂದು ಊರ ಮಕ್ಕಳಿಗೆಲ್ಲ ಪಾಠ ಹೇಳಿದವಳು ಈಗ ನಿನ್ನನ್ನು ವಿಚಾರಿಸುತ್ತಿದ್ದೇನೆ. ಆವತ್ತು ಅಳುತ್ತಿದ್ದೆಯಾ, ಮಗಳೇ? ಏನು ಹೇಳಿದೆ?