ಕೂಗಿ ಕರೆದವರಿಗೇ ಏಟು

ಸುಂಕದಕಟ್ಟೆ,
6 ಫೆಬ್ರವರಿ 2025

ಪ್ರೀತಿಯ ತಮ್ಮ ಕೊಟ್ರಪ್ಪ,

ಅವ್ವನ ಮೊಣಕಾಲು ನೋವು ಹೇಗಿದೆ? ಬಾಣಂತಿ ಮಾನಸ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಕೂಸು ನಿದ್ದೆಯಲ್ಲಿ ನಗುತ್ತದೆ ಎಂದು ಅವ್ವ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ನಾವಿಲ್ಲಿ ಚೆನ್ನಾಗಿದ್ದೆವು, ಮೊನ್ನೆ ನಿನ್ನ ಫೋನು ಬರುವ ತನಕ. ನನಗೆ ಒಂದು ಮಾತಾಡಲೂ ಬಿಡದೆ ಇಟ್ಟುಬಿಟ್ಟೆಯಲ್ಲ, ಅದಕ್ಕೇ ಈ ಕಾಗದ.

"ಅಕ್ಕಾ, ತೊಟ್ಟಿಲ ಕಾರ್ಯಕ್ಕ ನೀ ಬರೋದು ಬ್ಯಾಡ. ಎಳೀ ಕೂಸು, ನಿನ್ನ ಕೈ ತಾಕಿದ್ರ ಹೆಂಗ?" ಎಂದೆ ನೀನು. ನಾಚಿಕೆಯಾಗಲಿಲ್ಲವೇನೋ? ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನಿನಗಿರುವುದು ನಾನೊಬ್ಬಳೇ ಅಕ್ಕ. ನನ್ನ ಜಾಗದಲ್ಲಿ ಮಾನಸಳ ಚಿಕ್ಕಮ್ಮನನ್ನು ನಿಲ್ಲಿಸುತ್ತೀಯಂತೆ. ತೊನ್ನು ಅಂಟುತ್ತದೆ ಎಂದು ನಿನಗೆ ಯಾವ ಪಂಡಿತ ಹೇಳಿದ?

ನನ್ನ ಕೈ ಹೇಗೆ ಬೆಳ್ಳಗಾಯಿತು ಎಂದು ನೀನು ಕೇಳಲೇ ಇಲ್ಲ. ಇಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತೇನೆ. ಹಂಚು ತಾಗಿ ಸುಟ್ಟ ಜಾಗದಲ್ಲೇ ಮೊದಲ ಬಿಳಿ ಮಚ್ಚೆ ಎದ್ದಿತು. ಚರ್ಮದ ಡಾಕ್ಟರು ಲತಾ ಮೇಡಂ ಬಿಡಿಸಿ ಹೇಳಿದರು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಬರೀ ಬಣ್ಣಕ್ಕಲ್ಲವಂತೆ, ಕಾವಲೂ ಕಾಯುತ್ತವಂತೆ. ಗಾಯವಾದರೆ, ರೋಗಾಣು ಹೊಕ್ಕರೆ, ಮೈಯನ್ನು ಕಾಯುವ ಪಡೆಯನ್ನು ಕೂಗಿ ಕರೆಯುವವರಲ್ಲಿ ಅವೂ ಸೇರಿವೆ. ನನ್ನಂಥವರಲ್ಲಿ ಓಡಿ ಬಂದ ಪಡೆ ತಪ್ಪು ತಿಳಿದು, ಕೂಗಿದವರನ್ನೇ ಕಳ್ಳರೆಂದು ಹೊಡೆದು ಹಾಕುತ್ತದೆ. "ಇದು ನಿಮ್ಮ ಮೈಯೊಳಗಿನ ಜಗಳ ಕಣಮ್ಮ. ಯಾರಿಗೂ ಅಂಟಲ್ಲ. ಧೈರ್ಯವಾಗಿ ಮಗು ಎತ್ಕೊಳ್ಳಿ," ಎಂದರು.

ನಿನಗೆ ಆರು ವರ್ಷವಿದ್ದಾಗ ಮೈತುಂಬ ಅಮ್ಮನ ಗುಳ್ಳೆ ಎದ್ದಿದ್ದವು. ಓಣಿಯವರೆಲ್ಲ ದೂರ ನಿಂತರು. ಹನ್ನೊಂದು ದಿನ ನಿನ್ನ ಪಕ್ಕದಲ್ಲಿ ಮಲಗಿ ಬೇವಿನ ಸೊಪ್ಪು ಆಡಿಸಿದವಳು ನಾನು. ಅದು ನಿಜಕ್ಕೂ ಅಂಟುವ ರೋಗ, ನನಗೂ ಅಂಟಿತು. ಆಗ ಬೇಕಾಗಿದ್ದ ಕೈ ಈಗ ಬೇಡವಾಯಿತೇ? ಹೊಟ್ಟೆ ಉರಿಯುತ್ತಿದೆ ಕೊಟ್ರಾ.

ಅವ್ವನಿಗೆ ಶರಣು. ಮಾನಸಳಿಗೂ ಕೂಸಿಗೂ ನೂರು ವರ್ಷ ಆಯಸ್ಸಿರಲಿ. ನಿನಗೂ ಇರಲಿ, ಜೊತೆಗೆ ಸ್ವಲ್ಪ ಬುದ್ಧಿಯೂ ಇರಲಿ.

ನಿನ್ನ ಅಕ್ಕ,
ನೀಲಾಂಬಿಕಾ

ಇನ್ನೊಂದು ಮಾತು: ಕಾಗದ ಅಂಚೆಗೆ ಹಾಕಲು ನಿನ್ನ ಭಾವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ತೊಟ್ಟಿಲ ಹಿಂದಿನ ದಿನದ ಕೂಡ್ಲಿಗಿ ಬಸ್ಸಿಗೆ ನನ್ನ ಸೀಟು ಹಿಡಿದಾಗಿದೆ. ಕಿವಿಯಲ್ಲಿ ಹೆಸರು ಹೇಳುವಾಗ ಹೆಣ್ಣುಮಕ್ಕಳು ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿಯಲ್ಲವೇ. ನನ್ನನ್ನು ಮುಟ್ಟಲು ಅವರು ಹೆದರಿದರೆ ನೀನೇ ಬಂದು ಗುದ್ದು. ಎಲ್ಲರೂ ನೋಡುವ ಹಾಗೆ, ಗಟ್ಟಿಯಾಗಿ ಗುದ್ದು.