ಬಾಗಿಲ ಮೇಲಿನ ಕಾಗದಗಳು

ಮಾರ್ಚ್ ೧೧, ಮಂಗಳವಾರ

ಆರಕ್ಕೆ ಹಳೆಯ ಕಟ್ಟಡಗಳ ಸಂರಕ್ಷಣಾ ಸಂಘದ ಸಭೆ. ಹನ್ನೊಂದು ಸದಸ್ಯರಲ್ಲಿ ಏಳು ಮಂದಿ ಹಾಜರು. ಕಾರ್ಯದರ್ಶಿಯಾಗಿ ನಡಾವಳಿ ಓದಿದೆ. ವಿಷಯ ಒಂದೇ — ನಾನು ವಾಸವಿರುವ ಹದಿನಾಲ್ಕನೆಯ ನಂಬರಿನ ಕಟ್ಟಡದ ಬೀದಿಬಾಗಿಲು. ಓಕ್ ಮರ, ದ್ರಾಕ್ಷಿಬಳ್ಳಿಯ ಕೆತ್ತನೆ, ನೂರಹದಿನೈದು ವರ್ಷ. ಮೇಲಿನ ಮಹಡಿಗಳವರಿಗೆ ಅಲ್ಯೂಮಿನಿಯಂ ಬೇಕಂತೆ, ಅರ್ಜಿ ಹಾಕಿದ್ದಾರೆ. ಏಪ್ರಿಲ್ ಹತ್ತಕ್ಕೆ ನಗರಸಭೆಯ ಸಮಿತಿ ಬರುತ್ತದೆ. ಮೊದಲ ಬಣ್ಣ ಅಂಗೈಯಗಲವಾದರೂ ಉಳಿದಿದೆಯೆಂದು ತೋರಿಸಿದರೆ ಬಾಗಿಲು ಸಂರಕ್ಷಿತ ಪಟ್ಟಿಗೆ. ಇಲ್ಲವಾದರೆ ಗುಜರಿಗೆ.

ನಮ್ಮ ಸದಸ್ಯ, ಬಡಗಿ ಮಿಂಚೊ, ಎರಡು ದಿನ ಕೆರೆದು ನೋಡಿದ್ದಾನೆ. ಬರಿಯ ಕಂದು. ಮೂರು ಸಲ ಉಜ್ಜಿ ಬಳಿದಿದ್ದಾರೆ ಎಂದ.

ಮಾರ್ಚ್ ೧೨

ನಿದ್ರೆ ಸರಿಯಾಗಲಿಲ್ಲ. ಮಗಳು ರಾದಿನಾ ಈ ಸಂಘಕ್ಕೆ ಸೇರಿದ ದಿನ ಊಟದ ಮೇಜಿನಲ್ಲಿ ಹಂಗಿಸಿದ್ದೆ. ಹಳೆಯ ಮರ ಒಲೆಗೆ ಸಲ್ಲತಕ್ಕದ್ದು ಎಂಬುದು ನನ್ನ ಪಕ್ಷ. ಕಾಲೇಜಿನ ಚರ್ಚಾಕೂಟಗಳಲ್ಲಿ ಬೆಳ್ಳಿ ಬಟ್ಟಲು ಗೆದ್ದವನು — ಅಂಶ ಒಂದು, ಅಂಶ ಎರಡು, ಅಂಶ ಮೂರು. ಮಗಳು ತಟ್ಟೆ ಬಿಟ್ಟು ಎದ್ದಳು. ಗೆದ್ದೆ. ಏಳು ವಾರಗಳಾದ ಮೇಲೆ, ವರ್ನಾ ನಗರದ ರಸ್ತೆಯಲ್ಲಿ ಆ ಲಾರಿ, ಅವಳು ಉಳಿಯಲಿಲ್ಲ.

ಆಕೆಯ ಸದಸ್ಯತ್ವವನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಈ ಬಾಗಿಲು ಉಳಿಯಬೇಕು. ಆ ಚರ್ಚೆಯಲ್ಲಿ ನಾನು ಸೋಲಲೇಬೇಕು.

ಮಾರ್ಚ್ ೨೦, ಬೆಳಗ್ಗೆ ಎಂಟು

ಕಾಫಿ ಮುಗಿದಿರಲಿಲ್ಲ, ಮಿಂಚೊ ಬಂದ. ಏನೋ ನೆನಪಾಗಿದೆ. ಎಂಬತ್ತಾರನೆಯ ಇಸವಿಯಲ್ಲಿ, ಮೇಸ್ತ್ರಿಯ ಕೈಕೆಳಗೆ, ಈ ಬಾಗಿಲನ್ನು ತಾನೇ ಬಳಿದಿದ್ದನಂತೆ. ಬಲಗಡೆಯ ಹಲಗೆಯ ಮೇಲೆ ಸತ್ತವರ ಕಾಗದಗಳಿದ್ದವು. ಈಗಲೂ ಇವೆ: ಫೋಟೋ, ಹೆಸರು; ಸತ್ತು ನಲವತ್ತು ದಿನ, ಆರು ತಿಂಗಳು, ವರ್ಷವಾದಾಗ ಮನೆಯವರು ನೆನಪಿಗೆ ಅಂಟಿಸುವವು. ಯಾರೂ ಕೀಳುವುದಿಲ್ಲ, ಒಂದರ ಮೇಲೊಂದು ಬರುತ್ತದೆ.

"ಸತ್ತವರ ಮುಖ ಕೀಳೋಕೆ ಕೈ ಬರ್ಲಿಲ್ಲ, ಸ್ತಾಮೆನ್ ಅಣ್ಣ. ಸುತ್ತ ಬಳಿದು ಬಿಟ್ವಿ. ನಮ್ ಮೇಸ್ತ್ರಿಗೂ ಅದೇ ಅಭ್ಯಾಸ, ಅವರ ಮೇಸ್ತ್ರಿಗೂ ಅದೇ."

ಅಂದರೆ ಆ ಕಾಗದಗಳ ಅಡಿಯ ಮೊದಲ ಬಣ್ಣವನ್ನು ಯಾವ ಕುಂಚವೂ ಮುಟ್ಟಿಲ್ಲ.

ಎಲ್ಲಕ್ಕಿಂತ ಮೇಲಿರುವುದು ರಾದಿನಾಳ ಕಾಗದ. ನಾಲ್ಕು ಸಲ ನನ್ನ ಕೈಯಿಂದಲೇ ಅಂಟಿಸಿದ್ದು.

ಅಲ್ಲಿ ಕೈ ಹಾಕಕೂಡದು ಎಂದೆ. ಮಿಂಚೊ ಟೋಪಿ ಹಾಕಿಕೊಂಡು ಹೋದ.

ಮಾರ್ಚ್ ೨೭

ಸಂಘಕ್ಕೆ ಹೋಗಲಿಲ್ಲ. ಕಾರ್ಯದರ್ಶಿಯ ಮೊದಲ ಗೈರುಹಾಜರಿ.

ಮೆಟ್ಟಿಲಲ್ಲಿ ಚೊನಾ ಅಜ್ಜಿ ಅಡ್ಡ ನಿಂತಳು. ನೆಲಮಹಡಿಯವಳು, ಎಂಬತ್ತೊಂದು. ಮಿಂಚೊ ಎಲ್ಲವನ್ನೂ ಹೇಳಿದ್ದಾನೆ.

"ಕೆತ್ತನೆ ಬಾಗಿಲಿಗೆ ಏನೂ ಅಂಟಿಸಬಾರ್ದು ಅಂತ ನಿಯಮ ಬರೆದೋನೂ ನೀನೇ. ಆರು ತಿಂಗಳಿಗೊಂದ್ಸಲ ಅಂಟಿನ ಡಬ್ಬಿ ಹಿಡ್ಕೊಂಡು ಇಳಿಯೋನೂ ನೀನೇ."

ಪಕ್ಕದಿಂದ ಹತ್ತಿಹೋಗಲು ನೋಡಿದೆ. ಅಜ್ಜಿ ಕೈಕಂಬಿ ಹಿಡಿದು ತಡೆದಳು.

"ನಿನ್ನ ಮಗಳ ಕಾಗದದ ಹಿಂದೆ ನಮ್ಮೆಜಮಾನ್ರು ಎರಡು ವರ್ಷದಿಂದ ಉಸಿರು ಕಟ್ಕೊಂಡು ಕೂತಿದಾರೆ, ಸ್ತಾಮೆನ್. ಬದುಕಿದ್ದಾಗ್ಲೇ ಕಿಟಕಿ ಮುಚ್ಚೋಕೆ ಬಿಡ್ತಿರ್ಲಿಲ್ಲ." ನನ್ನ ತೋಳು ತಟ್ಟಿ, "ನಾನೇನಾದ್ರೂ ಅಂದ್ನಾ ನಿಂಗೆ?"

ಅಂದಿರಲಿಲ್ಲ. ಆ ಕಾಗದವನ್ನು ಮುಚ್ಚಿದವನು ನಾನು — ಒಮ್ಮೆಯೂ ಆಕೆಯನ್ನು ಕೇಳಿರಲಿಲ್ಲ.

ಏಪ್ರಿಲ್ ೬, ಭಾನುವಾರ

ರಾದಿನಾ ಹೋಗಿ ಎರಡು ವರ್ಷ.

ಬೆಳಗ್ಗೆ ಸಮಾಧಿಗೆ. ಅವಳ ಹೆಸರಲ್ಲಿ ಬೇಯಿಸಿದ ಗೋಧಿ ಹಂಚಿದೆ. ಹೊಸ ಕಾಗದ ಅಚ್ಚಾಗಿ ಬಂದಿತ್ತು. ಜೊತೆಗೆ ಅಂಟಿನ ಡಬ್ಬಿ. ಬಾಗಿಲ ಮುಂದೆ ನಿಂತೆ.  ಡಬ್ಬಿಯ ಮುಚ್ಚಳ ತೆಗೆಯದೆಯೇ ಮಿಂಚೊನ ಮನೆಗೆ ನಡೆದೆ.

ಬಿಸಿನೀರಿನ ಟವೆಲು ಒತ್ತಿ, ಅಂಟು ಸಡಿಲವಾಗುವವರೆಗೆ ಕಾಯುವುದು. ತುದಿಯನ್ನು ನಾನೇ ಹಿಡಿದೆ. ರಾದಿನಾ ಹರಿಯದೆ ಬಂದಳು, ನಾಲ್ಕೂ ಹಾಳೆ. ಅಡಿಯಲ್ಲಿ ಅಜ್ಜಿಯ ಗಂಡ ಗಾಂಚೊ. ಹೊರಬಂದ ಚೊನಾ ಅಜ್ಜಿ ಅಂಗಿತೋಳಿನಿಂದ ಅದನ್ನು ಒರೆಸಿ, "ಈ ಫೋಟೋ ನಾನು ಕೊಟ್ಟಿದ್ದಲ್ಲ. ಕೂದಲಿರೋದನ್ನ ಇವರೇ ಮೊದ್ಲೇ ಆರಿಸಿಟ್ಟಿದ್ರು," ಎಂದಳು. ಮಿಂಚೊ ನಕ್ಕ. ನಾನೂ ನಕ್ಕೆನೆಂದು ಕಾಣುತ್ತದೆ.

ಆಮೇಲೆ ನನಗೆ ಗೊತ್ತಿಲ್ಲದ ಮೂವರು. ಎಲ್ಲಕ್ಕಿಂತ ಕೆಳಗಿನದರಲ್ಲಿ ಇಸವಿ ಅಳಿಸಿಹೋಗಿದೆ. ಅದರಡಿಯಲ್ಲಿ —

ಹಸಿರು. ಸೌತೆಕಾಯಿ ಸಿಪ್ಪೆಯ ಹಸಿರು. ಅಂಚಿಗೆ ಕೂದಲೆಳೆಯ ಹಳದಿ ಗೆರೆ. ಒಂದಲ್ಲ, ಐದಾರು ಅಂಗೈಯಗಲ.

ಮಿಂಚೊ ಮೊಣಕಾಲೂರಿ ಮೂಗು ತಾಗಿಸಿ ನೋಡಿದ. ಇದೇ ಮೊದಲಿನದು, ಅಡಿಯಲ್ಲಿ ಬರಿಯ ಮರ ಎಂದ. ಚೊನಾ ಅಜ್ಜಿ ಗೋಡೆಗೆ ಗಾಜಿನ ಮುಚ್ಚಳದ ಒಂದು ಮರದ ಹಲಗೆ ಮಾಡಿಕೊಡೆಂದು ಅವನಿಗೆ ಆಜ್ಞೆ ಮಾಡಿದಳು. "ಇವರನ್ನೆಲ್ಲ ಪಕ್ಕಪಕ್ಕದಲ್ಲಿ ಕೂರಿಸು. ಒಬ್ಬರ ತಲೆ ಮೇಲೆ ಒಬ್ಬರು ಬೇಡ."

ಏಪ್ರಿಲ್ ೯

ಹಲಗೆ ಗೋಡೆಗೇರಿತು. ಹೊಸ ಕಾಗದ ನಾನೇ ಇಟ್ಟೆ, ಗಾಂಚೊನ ಬಲಕ್ಕೆ. ಅಂಟಿಲ್ಲ, ನಾಲ್ಕು ಗುಂಡುಪಿನ್ನು. ನಾಳೆಗೆ ಭಾಷಣ ಸಿದ್ಧ. ಅಂಶ ಮೂರು.

ಏಪ್ರಿಲ್ ೧೦, ಹನ್ನೊಂದು ಗಂಟೆ

ಸಮಿತಿಯವರು ಇನ್ನೂ ಕೆಳಗಿದ್ದಾರೆ. ಕನ್ನಡಕ ತರಲು ಬಂದವನು, ಎರಡು ಸಾಲು ಬರೆದು ಇಳಿಯುತ್ತೇನೆ.

ಹಿರಿಯ ಅಧಿಕಾರಿಣಿ ಹಸಿರಿನ ಮೇಲೆ ಹೆಬ್ಬೆರಳಿಟ್ಟು, ಇಷ್ಟು ವರ್ಷ ಇದನ್ನು ಕಾಪಾಡಿದವರು ಯಾರು ಎಂದು ಕೇಳಿದರು. ಅಂಶ ಒಂದು ಬರಲಿಲ್ಲ. ಎರಡೂ ಬರಲಿಲ್ಲ. ಗೋಡೆಯ ಹಲಗೆ ತೋರಿಸಿದೆ.

"ಇವರೆಲ್ಲ," ಎಂದೆ. "ಕೊನೆಯವಳು ನನ್ನ ಮಗಳು. ಹಳೆಯ ಮರದ ವಿಷಯದಲ್ಲಿ ಅವಳು ಹೇಳಿದ್ದೇ ಸರಿ."

 ಆಕೆ ಪೆನ್ನು ತೆಗೆದು ಬರೆಯತೊಡಗಿದರು.

ಮಿಂಚೊ ಕೂಗುತ್ತಿದ್ದಾನೆ. ಬಾಗಿಲು ಪೂರ್ತಿ ಅದೇ ಹಸಿರಿಗೆ ತರಲು ಎಷ್ಟು ದಿನ ಬೇಕೆಂದು ಕೇಳುತ್ತಿದ್ದಾರಂತೆ, ಸಂರಕ್ಷಿತ ಪಟ್ಟಿಯ ಕಾಗದಕ್ಕೆ ಕಾರ್ಯದರ್ಶಿಯ ಸಹಿಯೂ ಬೇಕಂತೆ, ಬೇಗ —