ಕುಡಿಯದೆ ಬಿಟ್ಟ ನೀರು

ಕೋಣಂದೂರು
೧೪–೧೨–೧೯೮೨

ಚಿರಂಜೀವಿ ತಮ್ಮ ಸೀತಾರಾಮಪ್ಪನಿಗೆ ಅಕ್ಕಯ್ಯನ ಆಶೀರ್ವಾದ.

ನಿನ್ನ ಹೆಂಡತಿ ಶರಾವತಿಯ ಮಂಡಿನೋವು ಹೇಗಿದೆ? ಮಗಳು ಪುಷ್ಪಳ ಕೆಮ್ಮು ನಿಂತಿತೆ? ಜೀಪಿನ ಧೂಳು ಕುಡಿದು ನಿನ್ನ ಗಂಟಲು ಕಟ್ಟಿದೆಯೆಂದು ಕೇಳಿದೆ. ಕಾಳುಮೆಣಸಿನ ಕಷಾಯ ಬಿಡಬೇಡ. ಇಲ್ಲಿ ನಿನ್ನ ಭಾವ ಆರೋಗ್ಯವಾಗಿದ್ದಾರೆ.

ನೀನು ಜಡ್ಜ್ ಕೆಲಸ ಬಿಟ್ಟು ಚುನಾವಣೆಗೆ ನಿಂತದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಕೆಲಸದ ಅಭ್ಯಾಸ ನಿನ್ನನ್ನು ಬಿಟ್ಟಿಲ್ಲವಲ್ಲ! ಸಾಗರದಲ್ಲಿ ಮುನ್ಸೀಫನಾಗಿದ್ದಾಗ ಯಾರ ಮನೆಯ ನೀರನ್ನೂ ನೀನು ಮುಟ್ಟುತ್ತಿರಲಿಲ್ಲ. ನಾಳೆ ಅವರದೇ ಕೇಸು ಬಂದರೆ ಎಂಬ ಎಚ್ಚರ. ಆಗ ಅದು ಸರಿ. ಮೊನ್ನೆ ಓಟು ಕೇಳಲು ಹೋದಾಗ ಮಂಜಯ್ಯನ ಹೆಂಡತಿ ಬೆಲ್ಲ, ನೀರು ತಂದಿಟ್ಟರೆ ಬರೀ ಕೈಮುಗಿದು ಎದ್ದೆಯಂತೆ. "ಸಾಹೇಬ್ರಿಗೆ ನಮ್ಮ ಓಟಾಗ್ತದೆ, ನೀರಾಗಲ್ಲ" ಎಂದು ಸಂತೆಯಲ್ಲಿ ಆಡಿಕೊಂಡು ನಗುತ್ತಿದ್ದಾರೆ.

ನಗುವವರ ಭಯ ನನಗಿಲ್ಲ. ನಗದವನೊಬ್ಬನಿದ್ದಾನೆ. ಮುಂದೆ ಸೆಷನ್ಸ್ ಜಡ್ಜಾದಾಗ ಗದ್ದೆಯ ಬೇಲಿ ಜಗಳದ ಕೊಲೆಗೆ ನೀನೇ ಜೀವಾವಧಿ ಕೊಟ್ಟೆಯಲ್ಲ, ಆ ಜಟ್ಟಿಂಗಪ್ಪ ಬಿಡುಗಡೆಯಾಗಿ ಮಾಸ್ತಿಕಟ್ಟೆಗೆ ಬಂದಿದ್ದಾನೆ. ದಿನಾ ಬಸ್ಸು ನಿಲ್ಲುವಲ್ಲಿ ಕೂತು ನಿನ್ನ ಜೀಪು ಎಲ್ಲಿಗೆ ಬರುತ್ತದೆಂದು ವಿಚಾರಿಸುತ್ತಾನಂತೆ. "ನಮ್ಮನೆಗೂ ಬರ್ಲಿ. ನೀರು ಕೊಡ್ತೀನಿ, ಕುಡೀತಾರಾ ನೋಡಣ" ಎಂದನಂತೆ. ಇದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಭಾನುವಾರ ನೀನು ಮಾಸ್ತಿಕಟ್ಟೆಗೆ ಹೋಗಬೇಡ. ಜ್ವರವೆಂದು ಹೇಳಿಕಳಿಸು. ಸೋತರೂ ಚಿಂತೆಯಿಲ್ಲ, ನೀನು ಉಳಿದರೆ ಸಾಕು.

ನಾನಂತೂ ಈ ವಾರ ಹೊಸಿಲು ದಾಟಿಲ್ಲ.

ಇಂತಿ ನಿನ್ನ ಹಿತವನ್ನೇ ಬಯಸುವ,
ಅಕ್ಕಯ್ಯ ವರದಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಿನ್ನೆ ನಿನ್ನ ಭಾವನಿಗೂ ಹೇಳದೆ ಬಸ್ಸು ಹತ್ತಿ ಜಟ್ಟಿಂಗಪ್ಪನ ಮನೆಗೆ ಹೋಗಿದ್ದೆ. ನನ್ನ ತಮ್ಮನನ್ನು ಬಿಟ್ಟುಬಿಡು ಎಂದು ಬೇಡುವುದಕ್ಕೆ. ಅವನು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟ. ಕುಡಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಅವನು ಅದನ್ನೇ ನೋಡುತ್ತಿದ್ದ. "ಹೆದರ್ಬೇಡಿ ಅಮ್ಮಾ. ತಪ್ಪು ಮಾಡಿದ್ದೆ, ಶಿಕ್ಷೆ ಆತು, ತೀರ್ತು. ಆದ್ರೆ ಸಾಹೇಬ್ರು ಊರ ಮನೆಗಳಿಗೆಲ್ಲ ಹೋಗಿ ನಮ್ಮನೆ ಒಂದು ಬಿಟ್ರೆ, ಅದು ಎರಡ್ನೇ ಶಿಕ್ಷೆ ಅಲ್ವಾ?" ಎಂದ.

ಭಯ ಇನ್ನೂ ಹೋಗಿಲ್ಲ ತಮ್ಮಾ. ಆದರೂ ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದು. ಭಾನುವಾರ ಅವನ ಮನೆಗೆ ಹೋಗು, ನೀರು ಕುಡಿ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಎಷ್ಟು ಹೊತ್ತಿಗೆ ಬರುತ್ತೀಯೆಂದು ಕೂಡಲೇ ಎರಡು ಸಾಲು ಬರೆದುಹಾಕು.